ತುತ್ತಿನೊಳಗಿನ ಮಾತ್ರೆ

ಅವತ್ತು ನಡುಮನೆಯಲ್ಲಿ ನಮ್ಮ ಸೋದರಮಾವ ಇದ್ದರು. ಅವರ ಮಗ್ಗುಲಿಗೇ ದಿವಾನದ ಮೇಲೆ ಅತ್ತೆ ಕೂತಿದ್ದರು. ಅವರ ಸೊಸೆ ಅಡುಗೆಮನೆಯ ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡ್ಯದ ಆಸ್ಪತ್ರೆಯಿಂದ ಬಂದಿದ್ದ ಹುಡುಗಿ. ಅವಳನ್ನು ಮದ್ದೂರಿನ ಬಸ್‌ಸ್ಟ್ಯಾಂಡಿನಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ ನಾನು ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದೆ.

ಮಾವನ ಊರು ಚಿಕ್ಕರಸಿನಕೆರೆಯ ಕಡೆ. ಅವರಿಗೆ ಪಾರ್ಕಿನ್‌ಸನ್ ಕಾಯಿಲೆ ಅಂತ ಗೊತ್ತಾಗಿ ಕೆಲವು ವರ್ಷಗಳಾಗಿದ್ದವು. ಕೈ ನಡುಗುವುದು, ಮೈ ಸೆಟೆದುಕೊಳ್ಳುವುದು, ಹೆಜ್ಜೆ ಮೊಟಕಾಗುವುದು, ದನಿ ಕುಗ್ಗುವುದು, ಹೀಗೆ ಒಂದೊಂದಾಗಿ ಬಂದು ಸೇರಿಕೊಂಡಿದ್ದವು. ಹೊಸಿಲು ದಾಟಬೇಕಾದಾಗಲಂತೂ ಕಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಡುತ್ತಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಇಂಥ ಕಾಯಿಲೆಯವರ ಮೇಲೆ ಒಂದು ಸಂಶೋಧನೆ ನಡೆಯುತ್ತಿತ್ತು. ಮೊದಲೆಲ್ಲ ಡಾಕ್ಟರುಗಳು ಕೈ ಎಷ್ಟು ನಡುಗುತ್ತದೆ, ಕಾಲು ಎಷ್ಟು ಎತ್ತುತ್ತಾರೆ ಎಂಬುದನ್ನೇ ಹೆಚ್ಚಾಗಿ ನೋಡುತ್ತಿದ್ದರಂತೆ. ಈಗೀಗ ರೋಗಿಯ ಬದುಕು ಹೇಗೆ ನಡೆಯುತ್ತಿದೆ, ನಿದ್ದೆ ಬರುತ್ತದೆಯೇ, ಜನರ ಜೊತೆ ಬೆರೆಯುತ್ತಾರೆಯೇ, ಮನಸ್ಸು ಕುಗ್ಗಿದೆಯೇ ಎಂಬುದನ್ನೂ ಅಳೆಯದಿದ್ದರೆ ಮದ್ದು ಕೆಲಸ ಮಾಡಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಆ ಅಳತೆಗೆಂದೇ ಹುಡುಗಿ ಬಂದಿದ್ದಳು. ಮಾವ ಒಪ್ಪಿ ಸಹಿ ಹಾಕಿದ್ದರು. ದೊಡ್ಡ ದೊಡ್ಡ ಅಕ್ಷರದ ಅವರ ಸಹಿ ಈಗ ಇರುವೆ ಹರಿದಷ್ಟು ಚಿಕ್ಕದಾಗಿತ್ತು.

ಹುಡುಗಿ ಉಡುಪಿ ಕಡೆಯವಳು. ಮಾತು ಪುಸ್ತಕ ಓದಿದಂತೆ ಮೆತ್ತಗೆ ಇತ್ತು. ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳುವುದು, ಉತ್ತರಕ್ಕೆ ಯಾವತ್ತೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಯಾವಾಗಲೂ ಎಂಬುದರಲ್ಲಿ ಒಂದನ್ನು ಒತ್ತುವುದು, ಇಷ್ಟು ಅವಳ ಕೆಲಸ.

"ಬಟ್ಟೆ ಹಾಕಿಕೊಳ್ಳಲಿಕ್ಕೆ ಕಷ್ಟ ಆಗುತ್ತದಾ ಅಜ್ಜ?"

"ಯಾವ ಕಷ್ಟನೂ ಇಲ್ಲ ಕಣವ್ವ," ಅಂದರು ಅತ್ತೆ. "ಗುಂಡಿ ನಾನಾಕ್ತೀನಿ. ಪಂಚೆ ಮಗ ಉಡುಸ್ತನೆ."

"ಹಾಗಲ್ಲ ಅಮ್ಮ, ಅವರೊಬ್ಬರೇ ಹಾಕಿಕೊಳ್ಳುವುದಾದರೆ?"

"ಒಬ್ರೇ ಯಾಕಾಕ್ಕತಾರೆ? ನಾವೇನ್ ಸತ್ತೋಗಿದ್ದೀವಾ?"

ಸೊಸೆ ಅವರೆಕಾಯಿಯ ಮೊರದೊಳಕ್ಕೆ ಮುಖ ತಗ್ಗಿಸಿ ನಕ್ಕಳು. ಹುಡುಗಿ ಮುಂದಿನದಕ್ಕೆ ಹೋದಳು.

"ಮನೆಯಿಂದ ಹೊರಗೆ ಓಡಾಡಲಿಕ್ಕೆ?"

"ಒರಗೆ ಓದ್ರಲ್ವಾ ಕಷ್ಟ. ಓಗದೇ ಇಲ್ಲ."

"ನಾಲ್ಕು ಜನರ ಎದುರಿಗೆ ಊಟ ಮಾಡಲಿಕ್ಕೆ ಮುಜುಗರ ಆಗುತ್ತದಾ?"

"ಮನೇಲೇ ಉಣ್ತಾರೆ. ನಾಕ್ ಜನ ಎಲ್ಲಿಂದ ಬತ್ತರೆ?"

ಹುಡುಗಿ ಟ್ಯಾಬನ್ನು ತೊಡೆಯ ಮೇಲಿಟ್ಟು, ಉತ್ತರ ಅಜ್ಜನ ಬಾಯಿಂದಲೇ ಬರಬೇಕು ಅಂದಳು. ಎಲ್ಲರೂ ಮಾವನ ಕಡೆ ತಿರುಗಿದೆವು. ಮಾವನಿಗೆ ಒಂದು ಮಾತು ಹೊರಡಿಸಲು ಬೋರ್‌ವೆಲ್ ಪಂಪು ನೀರೆತ್ತುವಷ್ಟು ಹೊತ್ತು ಬೇಕಾಗುತ್ತಿತ್ತು. ಆ ಹೊತ್ತನ್ನು ಸುಮ್ಮನೆ ಬಿಡುವ ಅಭ್ಯಾಸ ನಮ್ಮ ಮನೆತನದಲ್ಲೇ ಯಾರಿಗೂ ಇಲ್ಲ. ತುಟಿ ಅಲುಗಿದ್ದೇ ತಡ, ಅತ್ತೆ "ಯೋಳಿ ಯೋಳಿ, ಚೆನ್ನಾಗಿವ್ನಿ ಅನ್ನಿ" ಅಂದರು. ಮಾವ ಹೆಂಡತಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ಅವ್ಳು ಯೋಳ್ದಂಗೆ ಬರ್ಕೊ ಕಣವ್ವ," ಅಂದರು. "ಮನೆ ಕಾರುಬಾರೆಲ್ಲ ಅವ್ಳದೇ."

ರೋಗಿ ಹಾಗಂದ ಮೇಲೆ ಅವಳಾದರೂ ಏನು ಮಾಡುತ್ತಾಳೆ. ಎಲ್ಲದಕ್ಕೂ ಯಾವತ್ತೂ ಇಲ್ಲ, ಯಾವತ್ತೂ ಇಲ್ಲ ಎಂದು ಒತ್ತಿಕೊಂಡು ಹೋದಳು. ನಮ್ಮ ಕಡೆ ಹೊರಗಿನವರು ಮನೆಗೆ ಬಂದು ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀವಿ ಅನ್ನಬೇಕು, ಅದು ಕಾಫಿ ಕೊಟ್ಟಷ್ಟೇ ಸಹಜವಾದ ಮರ್ಯಾದೆ. ಅತ್ತೆಗಂತೂ ಗಂಡನಿಗೆ ಕಷ್ಟವಿದೆ ಅಂದರೆ ತಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಆ ಟ್ಯಾಬಿನ ಪ್ರಕಾರ ನಮ್ಮ ಮಾವನಷ್ಟು ಸುಖವಾಗಿರುವ ಮನುಷ್ಯ ಮದ್ದೂರು ತಾಲ್ಲೂಕಿನಲ್ಲೇ ಇರಲಿಲ್ಲ.

ಕೊನೆಗೆ ಅವಳು ಮಾತ್ರೆಯ ವಿಷಯ ಕೇಳಿದಳು. ಯಾವ ಹೊತ್ತಿಗೆ, ಹೇಗೆ ಕೊಡುತ್ತೀರಿ?

ಅತ್ತೆಯ ಮುಖ ಅರಳಿತು. "ಅದುನ್ನ ಬಾಯಲ್ಲಿ ಯೋಳಕಿಲ್ಲ, ತೋರ್ಸೇ ಬುಡ್ತೀನಿ ಇರು. ಊಟದ್ ವೊತ್ತೂ ಆಯ್ತು," ಎಂದು ಎದ್ದು, ಸೊಸೆಯನ್ನೂ ಎಬ್ಬಿಸಿಕೊಂಡು ಅಡುಗೆಮನೆಗೆ ಹೋದರು. ನಡುಮನೆಯಲ್ಲಿ ನಾವು ಮೂರೇ ಜನ ಉಳಿದೆವು. ಹುಡುಗಿ ಏನೂ ಕೇಳಲಿಲ್ಲ. ಒಳಗೆ ಮುದ್ದೆ ತಿರುವುವ ಸದ್ದು ಕೇಳುತ್ತಿತ್ತು.

"ಮಳವಳ್ಳೀಲಿ ಬೀಗ್ರೂಟ ಅದೆ," ಅಂದರು ಮಾವ.

ನಾವು ಕಾದೆವು.

"ಮೊಮ್ಮಗಳ್ದು. ಮದ್ವೆ ಆದ್ಮೇಲೆ." ಮತ್ತೆ ಸ್ವಲ್ಪ ಹೊತ್ತು. "ಸಾಲಲ್ಲಿ ಕೂತ್ಕಂಡು ಉಣ್ಬೇಕು ಕಣವ್ವ. ಎಲ್ಲಾರಂಗೆ. ಅದೊಂದ್ ಆಯ್ತದಾ?"

ಹುಡುಗಿಗೆ ಆ ಮಾತಿನ ತೂಕ ಗೊತ್ತಾಗಲಿಲ್ಲ. ವಾಪಸ್ಸು ಹೋಗುವಾಗ ದಾರಿಯಲ್ಲಿ ನಾನೇ ಬಿಡಿಸಿ ಹೇಳಿದೆ. ಬೀಗರೂಟ ಅಂದರೆ ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನೆಲ್ಲ ಕರೆದು ಹಾಕುವ ಬಾಡೂಟ. ಮದುವೆಗೆ ಬರದಿದ್ದರೂ ಬೀಗರೂಟಕ್ಕೆ ಬರಬೇಕು ಎನ್ನುವ ಸೀಮೆ ನಮ್ಮದು. ಹೆಣ್ಣಿನ ತಾತ ಮೊದಲ ಸಾಲಿನಲ್ಲಿ ಬೀಗರ ಪಕ್ಕ ಕೂರಬೇಕು. ನಮ್ಮ ಮಾವನಂತೂ ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳಲ್ಲೆಲ್ಲ ಸಾರು ಬಡಿಸುವುದಕ್ಕೆ ಹೆಸರಾದವರು. ನೆಂಟರ ಮನೆಯ ಊಟವೆಂದರೆ ಪಂಚೆ ಎತ್ತಿ ಕಟ್ಟಿ ಬಕೆಟ್ಟು ಹಿಡಿದೇಬಿಡುತ್ತಿದ್ದರು. ತುಂಬಿದ ಬಕೆಟ್ಟಿನಲ್ಲಿ ಸಾಲಿನ ಈ ತುದಿಯಿಂದ ಆ ತುದಿಗೆ ಹೋದರೂ ನೆಲಕ್ಕೆ ಒಂದು ತೊಟ್ಟು ಬೀಳುತ್ತಿರಲಿಲ್ಲ.

ಅಂಥವರು ಮೊಮ್ಮಗಳ ಮದುವೆ ನಿಶ್ಚಯದ ವೀಳ್ಯಶಾಸ್ತ್ರದ ದಿನ ಬೀಗರೆದುರಿಗೆ ಎಲೆಯ ಮೇಲೆ ಕೈ ಇಟ್ಟಾಗ ಕೈ ಕುಣಿದು ಸಾರೆಲ್ಲ ಪಕ್ಕದವರ ಪಂಚೆಗೆ ಹಾರಿತು. ಏಳುವಾಗ ಕಾಲು ತಡವರಿಸಿತು. ಗಂಡಿನ ಕಡೆಯವರೊಬ್ಬರು ಮೆಲ್ಲಗೆ, "ವೊತ್ತಾರೇಲೇ ಆಕ್ಕಂಡವ್ನೆ ಕಣ್ಲಾ ಮುದ್ಕ," ಅಂದದ್ದು ಮಾವನ ಕಿವಿಗೆ ಬಿದ್ದಿತ್ತು. ಒಂದು ದಿನವೂ ಕುಡಿದವರಲ್ಲ ಅವರು. ಆದರೆ ಕಾಯಿಲೆ ಎಂದು ಹೇಳಿದರೆ, ಮೊಮ್ಮಗಳಿಗೂ ಬರುತ್ತದೇನೋ ಅಂತ ಸಂಬಂಧ ಮುರಿದುಬಿಟ್ಟಾರು ಎಂದು ಮನೆಯವರೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ಅವತ್ತಿನಿಂದ ಮಾವ ಹೊರಗಿನ ಊಟ ಬಿಟ್ಟರು. ಬೀಗರೂಟಕ್ಕೂ ಬರುವುದಿಲ್ಲ ಎಂದು ಹೇಳಿಯಾಗಿತ್ತು. ತಾತ ಬರದಿದ್ದರೆ ಬೀಗರಿಗೆ ಅವಮಾನ, ಬಂದು ನಡುಗಿದರೆ ಮೊಮ್ಮಗಳಿಗೆ ಅವಮಾನ. ಮಾವನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಇದೊಂದೇ, ಆದರೆ ಟ್ಯಾಬಿನಲ್ಲಿ ಇದಕ್ಕೂ ಯಾವತ್ತೂ ಇಲ್ಲ ಎಂದೇ ಒತ್ತಿಯಾಗಿತ್ತು.

ಮಾವ ಹಾಗೆ ಕೇಳುವಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಬಂದರು. ಬಿಸಿ ಮುದ್ದೆ, ಪಕ್ಕದಲ್ಲಿ ಅವರೆಕಾಳಿನ ಸಾರು. ಒಂದು ತುತ್ತು ಮುರಿದು, ನಡುವೆ ಬೆರಳಿನಿಂದ ಗುಳಿ ಮಾಡಿ, ಮಾತ್ರೆಯನ್ನು ಅದರೊಳಗೆ ಇಟ್ಟು ಮುಚ್ಚಿ, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ, ಮಾವನ ಬಾಯಿಗಿಟ್ಟರು. ಮಾವ ಕಣ್ಣು ಮುಚ್ಚಿ ನುಂಗಿದರು.

"ಬರೀ ಮಾತ್ರೆ ಗಂಟ್ಲಲ್ಲಿ ನಿಂತ್ಕತದೆ ಅಂತಿದ್ರು," ಅಂದರು ಅತ್ತೆ. "ಇಂಗಾದ್ರೆ ಗೊತ್ತೇ ಆಯ್ಕಿಲ್ಲ. ನನ್ ಮಕ್ಳಿಗೆಲ್ಲ ನಾನು ಇಂಗೇ ಮಾತ್ರೆ ಕೊಟ್ ಸಾಕಿದ್ದು."

ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ನುಂಗುವ ತುತ್ತಿನಲ್ಲಿ ಮಾತ್ರೆ ಹೋಗಲಿ ಎಂಬ ಉಪಾಯ ನಮ್ಮ ಕಡೆಯ ಹೆಂಗಸರಿಗೆ ಬಿಟ್ಟರೆ ಬೇರೆ ಯಾರಿಗೆ ಹೊಳೆದೀತು. ನನಗೂ ಚಿಕ್ಕಂದಿನಲ್ಲಿ ಜ್ವರದ ಮಾತ್ರೆ ಹೀಗೇ ಹೋಗಿದೆ. ಹುಡುಗಿ ಮಾತ್ರ ನಗಲಿಲ್ಲ.

"ಮೂರು ಹೊತ್ತೂ ಹೀಗೆಯಾ ಅಮ್ಮ?"

"ಮೂರೊತ್ತೂ. ಒಂದ್ ದಿನ ತಪ್ಸಿಲ್ಲ."

"ಸಾರು?"

"ಕಾಳ್ ಸಾರು, ಇಲ್ಲಾಂದ್ರೆ ಮೊಟ್ಟೆ ಸಾರು. ಭಾನ್ವಾರ ಬಾಡು. ಸತ್ವ ಬೇಕಲ್ಲವ್ವ, ನರದ್ ಕಾಯ್ಲೆಗೆ."

ಅವಳು ಎದ್ದು ಜಗುಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ಬರುವ ವಾರ ಎಲ್ಲರೂ ಮಂಡ್ಯಕ್ಕೆ ಬನ್ನಿ ಎಂದು ಹೇಳಿ, ಅತ್ತೆಯ ಬಲವಂತಕ್ಕೆ ಊಟಕ್ಕೆ ಕೂತಳು. ಮುದ್ದೆಯನ್ನು ಚಪಾತಿಯಂತೆ ಅಗಿಯತೊಡಗಿದಾಗ ಸೊಸೆ ಓಡಿ ಬಂದು, "ಅಗೀಬ್ಯಾಡಿ ಮೇಡಮ್ಮೋರೇ, ಹಲ್ಲಿಗೆಲ್ಲ ಅಂಟ್ಕತದೆ," ಅಂದಳು. ಹೊರಡುವಾಗ ಬೀದಿಯವರೆಗೆ ಕಳಿಸಿ ಬರಲು ಮಾವ ಎದ್ದರು. ಹೊಸಿಲ ಹತ್ತಿರ ಕಾಲು ನಿಂತುಹೋಯಿತು. ಅಲ್ಲಿಂದಲೇ ಕೈ ಎತ್ತಿದರು.

ಮಂಡ್ಯದ ಡಾಕ್ಟರಮ್ಮ ನಮ್ಮ ಸೀಮೆಯವರೇ. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ನೋಡಿಯಮ್ಮ, ಹೊಟ್ಟೆಯಿಂದ ಮಿದುಳಿಗೆ ಹೋಗೋ ಬಸ್ಸು ಒಂದೇ ಅಂದ್ಕೊಳಿ. ಈ ಮಾತ್ರೆನೂ ಅದೇ ಬಸ್ಸು ಹತ್ಬೇಕು, ಕಾಳು, ಮಾಂಸ, ಮೊಟ್ಟೆ, ಹಾಲಿನ ಸತ್ವನೂ ಅದೇ ಬಸ್ಸು ಹತ್ಬೇಕು. ನೀವು ಎರಡನ್ನೂ ಒಟ್ಟಿಗೆ ಕಳಿಸಿದ್ರೆ ಕಾಳು ನುಗ್ಗಿ ಸೀಟು ಹಿಡೀತದೆ. ಮಾತ್ರೆ ಸ್ಟ್ಯಾಂಡಲ್ಲೇ ಉಳ್ಕೊಳ್ತದೆ."

"ಮಳವಳ್ಳಿ ಬಸ್ಸಿದ್ದಂಗೆ," ಅಂದರು ಅತ್ತೆ.

"ಅದೇ. ಮಾತ್ರೆನ ಊಟಕ್ಕೆ ಅರ್ಧ ಗಂಟೆ ಮುಂಚೆ ನೀರಲ್ಲಿ ಕೊಡಿ. ಖಾಲಿ ಬಸ್ಸು ಸಿಗ್ಲಿ."

"ಬರೀ ಒಟ್ಟೇಲಿ ಮಾತ್ರೆನಾ? ಕರ್ಳು ಸುಟ್ಟೋಯ್ತದೆ."

"ಹೊಟ್ಟೆ ತೊಳೆಸಿದ್ರೆ ಒಂದು ಬಿಸ್ಕತ್ತು ಕೊಡಿ. ಕಾಳು ಬಾಡು ಬಿಡಿ ಅಂತ ನಾನು ಹೇಳ್ತಾ ಇಲ್ಲ. ಹೊತ್ತು ಬೇರೆ ಮಾಡಿ ಅಷ್ಟೇ."

ಅತ್ತೆ ಸೆರಗಿನ ತುದಿ ತಿರುವಿದರು. "ಅಂಗಾರೆ ಇಷ್ಟ್ ದಿನ ನಾನೇ ಕೆಡಿಸ್ದೆ ಅನ್ನಿ."

"ಇಷ್ಟು ದಿನ ಒಂದು ಹೊತ್ತೂ ತಪ್ಪಿಸದೆ ಕೊಟ್ಟವರೂ ನೀವೇ," ಅಂದರು ಡಾಕ್ಟರಮ್ಮ. ಆಮೇಲೆ ಮಾವನಿಗೆ ನುಂಗುವುದರ ಬಗ್ಗೆ ಹೇಳಿದರು. ಈ ಕಾಯಿಲೆಯಲ್ಲಿ ಗಂಟಲೂ ನಿಧಾನವಾಗುತ್ತದೆ, ಹಳೇ ಗಾತ್ರದ ತುತ್ತು ಅಪಾಯ. ಮುದ್ದೆ ಮೆತ್ತಗಿರಲಿ, ತುತ್ತು ಗೋಲಿಯಷ್ಟಿರಲಿ, ನೆಟ್ಟಗೆ ಕೂತು ಗದ್ದ ಸ್ವಲ್ಪ ತಗ್ಗಿಸಿ ನುಂಗಿ. ಕಾಯಿಲೆ ವಾಸಿಯಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಮಾತ್ರೆ ಕೆಲಸ ಮಾಡುವುದು ಒಂದಷ್ಟು ಹೊತ್ತು, ಆಮೇಲೆ ಇಳಿಯುತ್ತದೆ, ಆ ಹೊತ್ತನ್ನು ನೋಡಿಕೊಂಡು ಕೆಲಸ ಇಟ್ಟುಕೊಳ್ಳಬೇಕು ಅಂದರು.

"ಗೋಲಿಯಷ್ಟ್ ಉಂಡ್ರೆ ಅದುನ್ನ ಮುದ್ದೆ ಅಂತಾರೇನ್ಲಾ?" ಎಂದು ಮಾವ ವಾಪಸ್ಸು ಬರುವಾಗ ನನ್ನನ್ನು ಕೇಳಿದರು.

ಬದಲಾವಣೆ ಒಂದೇ ದಿನಕ್ಕೆ ಆಗಲಿಲ್ಲ. ಅತ್ತೆ ಮೊದಮೊದಲು ಬಿಸ್ಕತ್ತಿನ ನೆಪದಲ್ಲಿ ಒಂದು ಲೋಟ ಹಾಲನ್ನೂ ಕೊಟ್ಟುಬಿಡುತ್ತಿದ್ದರು. ಸೊಸೆ ನೋಡಿ ಕಿತ್ತುಕೊಂಡಳು. ಕ್ರಮೇಣ ಮಾವ ಮಾತ್ರೆ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ದಿವಾನದಿಂದ ತಾವೇ ಏಳತೊಡಗಿದರು. ಅಂಗಿಯ ಗುಂಡಿಗಳಲ್ಲಿ ಒಂದೆರಡನ್ನು ತಾವೇ ಹಾಕಿಕೊಂಡರು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವರು, ನೆಲದ ಮೇಲೆ ಗೆರೆ ಕಂಡರೆ ನಿಂತ ಕಾಲು ಎದ್ದೀತು ಅಂದಿದ್ದರು. ಅತ್ತೆ ಹೊಸಿಲ ಒಳಗೂ ಹೊರಗೂ ರಂಗೋಲಿಯಲ್ಲಿ ಅಡ್ಡ ಗೆರೆ ಎಳೆದರು. ಮಾವ ಗೆರೆ ದಾಟುತ್ತಾ ದಾಟುತ್ತಾ ಜಗುಲಿ ಸೇರಿದರು. ಎದುರುಮನೆಯಾಕೆ, "ಏನಕ್ಕ, ಗಂಡುನ್ನ ಕುಂಟಾಬಿಲ್ಲೆ ಆಡುಸ್ತಿದ್ದೀಯಾ?" ಅಂದಳು.

ಮಾತ್ರೆ ಇಳಿದ ಮೇಲೆ ಮತ್ತೆ ಮೈ ಮರದ ಕೊರಡು. ಮಾವ ಅದನ್ನು ಬೇಗ ಅರ್ಥಮಾಡಿಕೊಂಡರು. "ತ್ರೀಫೇಸ್ ಕರೆಂಟ್ ಇದ್ದಂಗೆ ಕಣ್ಲಾ ಮಗ. ಬಂದಾಗ ಮೋಟ್ರು ಆಕ್ಬುಡ್ಬೇಕು, ಓದ್ಮೇಲೆ ಬಾಯ್ಬಡ್ಕಂಡ್ರೆ ಬರಾಕಿಲ್ಲ," ಅಂದರು. ಬೀಗರೂಟಕ್ಕೆ ಬರುತ್ತೇನೆ ಎಂದದ್ದೂ ಅದೇ ದಿನ.

ಮದುವೆ ಮದ್ದೂರಿನ ಛತ್ರದಲ್ಲಿ ಮುಗಿಯಿತು. ಅಲ್ಲಿ ಮಾವ ಅಕ್ಷತೆ ಹಾಕಿ ಊಟಕ್ಕೆ ಮುಂಚೆಯೇ ಮನೆಗೆ ಬಂದರು. ಬೀಗರೂಟದ ದಿನ ವ್ಯಾನಿನಲ್ಲಿ ಮಳವಳ್ಳಿಗೆ ಹೊರಟೆವು. ಬೀಗರ ಮನೆಯ ಪಕ್ಕದ ಬಯಲಿನಲ್ಲಿ ಶಾಮಿಯಾನ, ಒಂದು ಕಡೆ ಮುದ್ದೆಯ ಹಂಡೆಗಳು, ಮಸಾಲೆಯ ಹೊಗೆ. ಬೀಗರು, ಅಂದರೆ ಹುಡುಗನ ತಾತ, ಬಿಳಿ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಇನ್ನೇನು ಮೊದಲ ಸಾಲು ಕೂರಿಸುತ್ತೇವೆ ಅಂದರು. ಅತ್ತೆ ಮಾವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಒಂದು ಬಿಸ್ಕತ್ತು, ಒಂದು ಮಾತ್ರೆ, ನೀರು ಕೊಟ್ಟರು.

ಅರ್ಧ ಗಂಟೆ ಆಯಿತು. ಮಾವನ ಬೆರಳುಗಳ ನಡುಕ ನಿಧಾನವಾಗಿ ನಿಂತಿತು. ನೆಂಟರನ್ನು ಮಾತಾಡಿಸಿದರು, ಮೊಮ್ಮಗಳ ತಲೆ ಸವರಿದರು. ಆದರೆ ಸಾಲು ಕೂರಲಿಲ್ಲ. ಯಾರೋ ಮುಖಂಡರು ಬರಬೇಕಂತೆ, ದಾರಿಯಲ್ಲಿದ್ದಾರಂತೆ. ಮುಕ್ಕಾಲು ಗಂಟೆ, ಒಂದು ಗಂಟೆ. ಎಲೆಗಳನ್ನು ಕಟ್ಟು ಬಿಚ್ಚದೆ ಹಾಗೇ ಇಟ್ಟಿದ್ದರು. ಮಾವ ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು. ಇನ್ನೂ ಸ್ವಲ್ಪ ಹೊತ್ತು ಹೋದ ಮೇಲೆ ಅತ್ತೆಗೆ ಮೆಲ್ಲಗೆ ಹೇಳಿದರು:

"ಕರೆಂಟ್ ಓಯ್ತದೆ ಕಣೆ. ವ್ಯಾನ್ ಕರಿ, ಓಗವಾ."

ನಾನು ವ್ಯಾನಿನವನನ್ನು ಹುಡುಕಲು ಎದ್ದೆ. ಅತ್ತೆ ನನ್ನ ತೋಳು ಹಿಡಿದು ಕೂರಿಸಿದರು. ಸೆರಗು ಸರಿಮಾಡಿಕೊಂಡು, ಗಂಡಸರ ಗುಂಪಿನ ನಡುವೆ ಹಾದು, ಸೀದಾ ಬೀಗರ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ.

"ಅಣ್ಣ, ಸಾಲು ಕೂರ್ಸಿ," ಅಂದರು.

"ಇನ್ನೊಂದ್ ಚೂರು ತಡ್ಕೊ ತಾಯಿ. ಬಂದ್ಬುಟ್ರು."

"ತಡ್ಕಳಕ್ಕಾಗಕ್ಕಿಲ್ಲ ಅಣ್ಣ. ನಮ್ಮೆಜಮಾನ್ರಿಗೆ ಕೈ ನಡುಗೋ ಕಾಯ್ಲೆ ಅದೆ. ನಿಮ್ಗೆ ಯೋಳಿರ್ಲಿಲ್ಲ. ಮಾತ್ರೆ ತಕ್ಕಂಡವ್ರೆ, ಅದು ಇರಗಂಟ ಕೈ ನಿಲ್ತದೆ. ಇಳ್ದೋದ್ರೆ ಅವ್ರು ನಿಮ್ಮನೇಲಿ ಉಣ್ಣಕ್ಕಿಲ್ಲ."

ಬೀಗರು ಅತ್ತೆಯ ಮುಖವನ್ನೇ ನೋಡಿದರು.

"ಅಂಗಾರೆ ಅವತ್ತು ವೀಳ್ಯದಲ್ಲಿ..."

"ಅವತ್ತೂ ಅದೇ. ಒಂದ್ ದಿನಾನೂ ಮುಟ್ಟಿದೋರಲ್ಲ ಅವ್ರು. ಹುಡ್ಗೀಗೇನೂ ಇಲ್ಲ. ಬೇಕಾದ್ರೆ ಡಾಕ್ಟ್ರನ್ನ ಕೇಳ್ಕಳಿ, ಮಂಡ್ಯದಲ್ಲವ್ರೆ."

ಬೀಗರು ಬಾಯಲ್ಲಿದ್ದ ಎಲೆಅಡಿಕೆಯನ್ನು ಆಚೆ ಹೋಗಿ ಉಗಿದು ಬಂದರು.

"ಎಲೆ ಆಕ್ರುಲಾ," ಎಂದು ಬಡಿಸುವವರಿಗೆ ಕೂಗಿದರು. "ಬರೋರು ಬಂದಾಗ ಉಣ್ಲಿ." ಆಮೇಲೆ ಅತ್ತೆಗೆ, "ಇದುನ್ನ ಮೊದ್ಲೇ ಯೋಳಕ್ಕೇನಾಗಿತ್ತು ತಾಯಿ? ನಾವು ಬ್ಯಾರೆ ತಿಳ್ಕಂಡಿದ್ದೋ," ಅಂದರು. ಅಷ್ಟೇ. ತಾವೇ ಹೋಗಿ ಮಾವನ ಕೈ ಹಿಡಿದು ಎಬ್ಬಿಸಿ, ಮೊದಲ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತರು.

ಮಾವ ಗೋಲಿಯಷ್ಟು ತುತ್ತು ಮುರಿದು, ಗದ್ದ ತಗ್ಗಿಸಿ, ಒಂದೊಂದಾಗಿ ನುಂಗಿದರು. ಕೈ ನಿಂತಿತ್ತು. ಬೀಗರು ಅರ್ಧ ಮುದ್ದೆ ಮುಗಿಸಿ ಪಕ್ಕಕ್ಕೆ ನೋಡಿ, "ಏನ್ ಬೀಗ್ರೇ, ಕೋಳಿಮರೀಗೆ ಆಕ್ದಂಗೆ ಉಣ್ತಿದ್ದೀರಿ?" ಅಂದರು.

"ಬಾಳ ವೊತ್ತು ಉಣ್ಣಾವ ಅಂತ," ಅಂದರು ಮಾವ.

ಸಾರಿನ ಬಕೆಟ್ಟು ಹಿಡಿದು ಬಂದವನಿಗೆ, ಬಕೆಟ್ಟು ಓರೆ ಹಿಡಿಯಬೇಡ, ಸೌಟು ಓರೆ ಮಾಡು ಎಂದೂ ಹೇಳಿಕೊಟ್ಟರು. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಬೆರಳು ಮತ್ತೆ ನಡುಗತೊಡಗಿದವು. ಸಾಲಿನಲ್ಲಿ ಎಲ್ಲರದೂ ಮುಗಿದಿತ್ತು. ನಮ್ಮ ಕಡೆ ಸಾಲು ಒಟ್ಟಿಗೆ ಏಳಬೇಕು, ಒಬ್ಬರನ್ನು ಎಲೆಯ ಮುಂದೆ ಬಿಟ್ಟು ಉಳಿದವರು ಏಳುವಂತಿಲ್ಲ. ಬೀಗರು ಒಣಗಿದ ಕೈ ಎಲೆಯ ಮೇಲಿಟ್ಟುಕೊಂಡು, ಈ ಸಲದ ಕಬ್ಬಿನ ವಿಷಯ ತೆಗೆದು ಮಾತಾಡುತ್ತಾ ಕೂತರು. ಅವರು ಏಳಲಿಲ್ಲವೆಂದು ಯಾರೂ ಏಳಲಿಲ್ಲ. ಮಾವನ ಕೊನೆಯ ತುತ್ತು ಹೋದ ಮೇಲೆ ಸಾಲು ಎದ್ದಿತು. ಮುಖಂಡರು ಮೂರನೇ ಸಾಲಿಗೆ ಬಂದರು.

ಕೆಲವು ತಿಂಗಳು ಬಿಟ್ಟು ಹುಡುಗಿ ಮತ್ತೆ ಬಂದಳು, ಎರಡನೇ ಸುತ್ತಿನ ಪ್ರಶ್ನೆಗಳಿಗೆ. ಈ ಸಲ ಅತ್ತೆ ತಾವಾಗಿಯೇ ಅಡುಗೆಮನೆಯ ಬಾಗಿಲಿಗೆ ಹೋಗಿ ಸೊಸೆಯ ಪಕ್ಕ ಕೂತರು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು. ಮಾವ ಒಂದೊಂದು ಪ್ರಶ್ನೆಗೂ ತಮ್ಮ ಹೊತ್ತು ತೆಗೆದುಕೊಂಡು ಉತ್ತರ ಹೇಳಿದರು. ಬಟ್ಟೆ ಹಾಕಿಕೊಳ್ಳುವುದು ಕಷ್ಟ, ಯಾವಾಗಲೂ. ರಾತ್ರಿ ಮಗ್ಗುಲು ಬದಲಿಸುವುದು ಕಷ್ಟ, ಯಾವಾಗಲೂ. ಜನರೆದುರು ಊಟ, ಕೆಲವು ಸಲ. ಮನಸ್ಸಿಗೆ ಬೇಸರ, ಕೆಲವು ಸಲ. ಅತ್ತೆ ಒಂದೆರಡು ಸಲ ಬಾಯಿ ತೆಗೆದರು, ಸೊಸೆ ಮೊಣಕೈಯಿಂದ ತಿವಿದಳು.

ಎಲ್ಲ ಮುಗಿದ ಮೇಲೆ ಹುಡುಗಿ ಟ್ಯಾಬ್ ನೋಡಿ ನಕ್ಕಳು. "ಅಜ್ಜ, ಇದರ ಪ್ರಕಾರ ನೀವು ಹೋದ ಸಲಕ್ಕಿಂತ ತುಂಬಾ ಕಷ್ಟದಲ್ಲಿದ್ದೀರಿ. ಡಾಕ್ಟರು ಏನಾಯಿತು ಅಂತ ಕೇಳುತ್ತಾರೆ."

ಮಾವ ಯೋಚಿಸಿದರು. ಯಾರೂ ಮಾತಾಡಲಿಲ್ಲ.

"ವೋದ್ ಸಲ ಯೋಳಿದ್ದು ಅವ್ಳು," ಅಂದರು. "ಅದುನ್ನೂ ಬರ್ಕೊ."

ಹುಡುಗಿ ಬರೆದುಕೊಂಡಳು. ಅತ್ತೆ ಎದ್ದು ಮುದ್ದೆಗೆ ನೀರಿಟ್ಟರು. ಮಾವ ಮಾತ್ರೆ ನುಂಗಿ ಅರ್ಧ ಗಂಟೆ ಕಾದು ಉಂಡರು. ಅವಳೂ ಉಂಡಳು, ಈ ಸಲ ಅಗಿಯದೆ. ಅವಳು ಹೊರಟಾಗ ನಾನು ಸ್ಕೂಟರಿನ ಕೀ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಾವ ರಂಗೋಲಿಯ ಗೆರೆ ದಾಟಿ, ಹೊಸಿಲು ದಾಟಿ, ಅವಳ ಬ್ಯಾಗು ಹಿಡಿದುಕೊಂಡು ಬಸ್ಸು ನಿಲ್ಲುವ ಅರಳಿಮರದವರೆಗೆ ಹೋಗಿದ್ದರು. ಮದ್ದೂರಿನ ಬಸ್ಸು ಬಂತು. ಅವಳನ್ನು ಹತ್ತಿಸಿ, ಸೀಟು ಸಿಕ್ಕಿತಾ ಎಂದು ಕೇಳಿ, ವಾಪಸ್ಸು ಬಂದು ಜಗುಲಿಯ ಮೇಲೆ ಕೂತರು.